ಕ್ವಾರಿ ಕೊಳದ ನೀರು ಕೆಡಿಸಿದವನು ರಜಾಕಣ್ಣನಲ್ಲ

ಇಲ್ಲ… ನನಗಿನ್ನೂ ನಂಬಿಕೆ ಬರುತ್ತಿಲ್ಲ.
ನಿನ್ನೆ ಸಂಜೆಯಷ್ಟೇ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಜೊಂಡು ನೆಡುತ್ತಿದ್ದ ಮನುಷ್ಯ…
ಇಂದು ಮಧ್ಯಾಹ್ನದ ನಮಾಜಿನ ನಂತರ ಅವನನ್ನು ಮಣ್ಣು ಮಾಡಿ ಬಂದೆವು.
ಬೆಳಿಗ್ಗೆ ಎದೆನೋವು ಎಂದನಂತೆ. ದವಾಖಾನೆಯ ಗೇಟು ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರಜಾಕಣ್ಣ ಹೋದ, ಗೆಳೆಯರೇ.
ನಮ್ಮ ಇಳಕಲ್ಲಿನ ಕ್ವಾರಿ ಕೊಳದ ರಜಾಕಣ್ಣ.

ನಮ್ಮ ವಾಕಿಂಗ್ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಕೈಮುಗಿದ ಇಮೋಜಿಗಳ ಸಾಲು.
"ಕಾಯಕಯೋಗಿ" ಎಂದು ಒಬ್ಬರು.
"ತುಂಬಲಾರದ ನಷ್ಟ" ಎಂದು ಇನ್ನೊಬ್ಬರು.
ಭಲೆ!
ಎರಡು ತಿಂಗಳ ಹಿಂದೆ "ಆ ಮುದುಕಗ ಕೆಲಸ ಬರೂದಿಲ್ಲ, ತಗದ ಹಾಕ್ರಿ" ಎಂದು ಇದೇ ಗ್ರೂಪಿನಲ್ಲಿ ಟೈಪ್ ಮಾಡಿದ್ದು ಇದೇ ಬೆರಳುಗಳಲ್ಲವೇ?
ನಾಚಿಕೆ ಎಂಬುದು ಒಂದಿಷ್ಟಾದರೂ ಇರಬೇಕು.

ಹೊರಗಿನ ಗೆಳೆಯರಿಗಾಗಿ ಹೇಳುತ್ತೇನೆ…
ಕೆಂಪು ಗ್ರಾನೈಟ್ ತೆಗೆದು ಬಿಟ್ಟುಹೋದ ಹಳೆಯ ಕ್ವಾರಿಯೊಂದನ್ನು ಊರವರು ಈಜಲೆಂದು ಕೊಳ ಮಾಡಿದ್ದರು. ಬಯಲಿನಲ್ಲೇ ಇದೆ, ಯಾರು ಬೇಕಾದರೂ ಬರಬಹುದು.
ಕ್ಲೋರಿನ್ ಇಲ್ಲ, ಯಾವ ಔಷಧಿಯೂ ಇಲ್ಲ.
ಪಕ್ಕದಲ್ಲಿ ಮೊಣಕಾಲುದ್ದದ ಇನ್ನೊಂದು ಹೊಂಡ. ಅದರ ತುಂಬ ಜಲ್ಲಿಕಲ್ಲು, ಜಲ್ಲಿಯ ನಡುವೆ ಜೊಂಡು. ಸಣ್ಣ ಪಂಪೊಂದು ಕೊಳದ ನೀರನ್ನು ಅಲ್ಲಿಗೆ ಕಳಿಸುತ್ತದೆ. ಜೊಂಡಿನ ಬೇರುಗಳು, ಕಲ್ಲಿಗಂಟಿದ ಕಣ್ಣಿಗೆ ಕಾಣದ ಜೀವಿಗಳು ಕೊಳೆಯನ್ನೆಲ್ಲ ತಿಂದು ತಿಳಿನೀರನ್ನು ಹಿಂದಕ್ಕೆ ಬಿಡುತ್ತವೆ.
ಇಷ್ಟೇ.
ಜೀವಮಾನವೆಲ್ಲ ಕಲ್ಲು ಒಡೆದ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ರಜಾಕಣ್ಣನಿಗೆ, ಕೊಳ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಒಂದೇ ವಾರದಲ್ಲಿ ಇದು ತಿಳಿಯಿತು. ಡಿಗ್ರಿ ಮಾಡಿದ ನಮಗೆ ಕೊನೆಗೂ ತಿಳಿಯಲಿಲ್ಲ.

ಗೇಟಿನಲ್ಲಿ ನಿಂತು ಪ್ರತಿಯೊಬ್ಬರ ತಲೆ ಮೂಸುತ್ತಿದ್ದ, ನೆನಪಿದೆಯೇ?
"ಏನ್ರೀ ಸಾವ್ಕಾರ್ರ, ಎಣ್ಣಿ ಹಚ್ಚಿ ಬಂದೀರಲ್ಲ… ಮೊದಲ ನಳದ ಬುಡಕ ಕುಂಡ್ರಿ. ನಿಮ್ಮ ಎಣ್ಣಿ ನನ್ನ ಗಿಡಾ ಕುಡೀಬೇಕೇನು?"
ಕೂಲಿಯವನಿಗೂ ಅದೇ ಕಾನೂನು, ಕಾರಿನಲ್ಲಿ ಬಂದವನಿಗೂ ಅದೇ. ಕಾರಿನವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಆಮೇಲೆ ಬಂತು ನೋಡಿ, ಶ್ರಮದಾನ…
ನಮ್ಮ ವಾಕಿಂಗ್ ಗ್ರೂಪಿನ ಮಹಾನುಭಾವರಿಗೆ ಜೊಂಡು ಕಸವಾಗಿ ಕಂಡಿತು. ಕಪ್ಪೆ ಕಂಡರೆ ಅಸಹ್ಯ.
"ನೀರು ನೀಲಿ ಇರಬೇಕ್ರಿ, ಫೈವ್‌ಸ್ಟಾರ್ ಹೋಟೆಲ್ಲಿನಗತೆ!"
ದಿನಾ ಅಲ್ಲೇ ಸ್ನಾನ ಮಾಡುವವರ ಹಾಗೆ ಮಾತು!
ರಜಾಕಣ್ಣ ಬೀಗರ ಮನೆಯ ಮದುವೆಗೆಂದು ಬಾದಾಮಿಗೆ ಹೋದ ಭಾನುವಾರವನ್ನೇ ನೋಡಿ, ಎಲ್ಲರೂ ಒಂದೇ ಬಣ್ಣದ ಟೀಶರ್ಟ್ ತೊಟ್ಟು ಬಂದರು.
ಜೊಂಡನ್ನೆಲ್ಲ ಬೇರುಸಹಿತ ಕಿತ್ತರು.
ಜಲ್ಲಿಯನ್ನು ಬ್ರಷ್ ಹಾಕಿ ತಿಕ್ಕಿದರು.
ಬ್ಲೀಚಿಂಗ್ ಪೌಡರ್ ಚೀಲಗಟ್ಟಲೆ ಸುರಿದರು.
ರೀಲ್ ಮಾಡಿದರು, ಉಪ್ಪಿಟ್ಟು ತಿಂದರು, ಪೇಪರ್ ಪ್ಲೇಟುಗಳನ್ನು ಅಲ್ಲೇ ಎಸೆದು ಮನೆಗೆ ಹೋದರು.
ಇಂಥವರ ಸ್ವಚ್ಛತೆಗೆ ನನ್ನ ದೊಡ್ಡ ನಮಸ್ಕಾರ.

ಮೂರು ದಿನ ನೀರು ಫಳಫಳ ಹೊಳೆಯಿತು. ಹದಿನೈದು ದಿನಕ್ಕೆ ಪಾಚಿಗಟ್ಟಿ ಗಬ್ಬು ನಾರಿತು.
ಕೊಳಕ್ಕೆ ಬೀಗ ಬಿತ್ತು.
ತಪ್ಪು ಯಾರದು? ನೋಡಿಕೊಳ್ಳುವವನದು!
ರಜಾಕಣ್ಣನ ಕೈಯಿಂದ ಕೀಲಿಕೈ ಕಸಿದುಕೊಂಡರು.

ರಜಾಕಣ್ಣ… ನೀನು ಜಗಳಕ್ಕೆ ಹೋಗಲಿಲ್ಲ.
ಬೇಲಿ ಸಂದಿಯಿಂದ ನುಸುಳಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಹಳ್ಳದ ದಂಡೆಯ ಜೊಂಡು ಕಿತ್ತು, ಹಸಿ ಗೋಣಿಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಿದ್ದೆ. ಸಂಬಳವಿಲ್ಲ, ಕೇಳುವವರಿಲ್ಲ…
ನಿನ್ನೆ ನನ್ನನ್ನು ಕಂಡು ಏನೆಂದೆ?
"ಸರ್, ಬ್ಯಾಸಗಿ ಸೂಟಿಯೊಳಗ ಹುಡುಗ್ರು ಮತ್ತ ಈಸಬೇಕ್ರಿ. ನೀರು ತಿಳಿ ಆತಂದ್ರ, ನಂದೇನೂ ತಪ್ಪಿಲ್ಲಂತ ಊರಿಗೆ ಗೊತ್ತಾಕ್ಕೈತಿ."
ನಾನು ಹೂಂ ಎಂದೆ. ಬೇಲಿಯ ಈಚೆ ನಿಂತು, ಶೂಗೆ ಕೆಸರು ತಾಗದ ಹಾಗೆ.

ಇಷ್ಟು ಹೊತ್ತು ಊರವರನ್ನು ಬೈದೆ. ಈಗ ನನ್ನ ಸರದಿ.
ಆ ಭಾನುವಾರ ಅವರು ಫೋನ್ ಮಾಡಿದ್ದು ನನಗೇ. "ಸರ್, ನೀವು ಕಾಲೇಜಿನ್ಯಾಗ ಕೆಮಿಸ್ಟ್ರಿ ಕಲಸೋರು. ಇಷ್ಟು ನೀರಿಗೆ ಎಷ್ಟು ಬ್ಲೀಚಿಂಗ್ ಹಾಕಬೇಕ್ರಿ?"
ಹೇಳಿದೆ. ಚಹಾ ಕುಡಿಯುತ್ತಾ, ಎರಡೇ ನಿಮಿಷದಲ್ಲಿ.
ಜೊಂಡು ಸಾಯುತ್ತದೆ, ಜಲ್ಲಿಯ ಜೀವಿಗಳು ಸಾಯುತ್ತವೆ ಎಂದು ಹೊಳೆಯಲಿಲ್ಲವೇ?
ಹೊಳೆದಿತ್ತು.
ಆದರೆ ದೊಡ್ಡವರು ನನ್ನನ್ನು ಕೇಳಿದ್ದಾರಲ್ಲ ಎಂಬ ಹಿಗ್ಗು ಅದಕ್ಕಿಂತ ದೊಡ್ಡದಿತ್ತು.
ನಿನ್ನನ್ನು ಕೆಲಸದಿಂದ ತೆಗೆದಾಗಲೂ ನಾನು ಬಾಯಿ ಬಿಡಲಿಲ್ಲ. ಇಮೋಜಿ ಹಾಕಿದವರಿಗಿಂತ ನಾನು ಕೀಳು.

ಮಣ್ಣು ಕೊಟ್ಟು ನಿನ್ನ ಮನೆಗೆ ಹೋದೆ. ನಿನ್ನ ಮಗಳು ನಸೀಮಾ ಹೊರಗೆ ಬಂದಳು. ಅತ್ತು ಅತ್ತು ದನಿ ಕುಸಿದಿತ್ತು.
"ಪುಡಿ ಎಷ್ಟು ಹಾಕಬೇಕಂತ ಹೇಳಿದ್ದು ನೀವಂತ ಅಬ್ಬಾಗ ಬಾದಾಮಿಯಿಂದ ಬಂದ ದಿನಾನ ಗೊತ್ತಾಗಿತ್ರಿ, ಸರ್. ನಾ ಊರಿಗೆಲ್ಲಾ ಹೇಳತೇನಿ ಅಂದೆ. ಅಬ್ಬಾ ಬಿಡಲಿಲ್ಲ. 'ಬ್ಯಾಡ ಬೇಟಾ, ಅವರು ಪಾಠ ಹೇಳೋರು. ಹುಡುಗ್ರು ಅವರನ್ನ ನೋಡಿ ನಗಬಾರದು' ಅಂದ."
ಅಷ್ಟು ಹೇಳಿ ಒಳಗೆ ಹೋದಳು. ನಾನು ಅಂಗಳದಲ್ಲೇ ನಿಂತಿದ್ದೆ.

ನಗಲಿ, ರಜಾಕಣ್ಣ.
ನಾಳೆ ಕ್ಲಾಸಿನಲ್ಲಿ ನನ್ನ ಮುಖ ನೋಡಿಯೇ ನಗಲಿ.
ಈ ಪೋಸ್ಟ್ ಪಬ್ಲಿಕ್ ಇಟ್ಟಿದ್ದೇನೆ. ಗ್ರೂಪಿನ ಒಬ್ಬರನ್ನೂ ಬಿಡದೆ ಟ್ಯಾಗ್ ಮಾಡಿದ್ದೇನೆ.
ಇದನ್ನು ನಿನ್ನೆ ಬರೆದಿದ್ದರೆ ನೀನು ಓದುತ್ತಿದ್ದೆ…

ಹೋಗಿ ಬಾ ಅಣ್ಣ. ನಿನ್ನ ಜೀವ ತಣ್ಣಗಿರಲಿ.