ಓರೆ ನಿಂತ ಚೌಕ

ಅಥವಾ ದಾರ ಕಿತ್ತುಹೋದದ್ದು ಆ ಹುಡುಗಿ ವೇದಿಕೆ ಹತ್ತುವ ಮೊದಲೇ ಇರಬಹುದು. ನನ್ನ ನೆನಪಿನಲ್ಲಿ ಅದು ಎಲ್ಲರ ಕಣ್ಣೆದುರೇ ಕಿತ್ತುಹೋಗಿ, ಎರಡು ಮೂಲೆಗೆ ದಾರ ಕಟ್ಟಿ ಕೊರಳಿಗೆ ಹಾಕಿದ್ದ ಥರ್ಮಾಕೋಲ್ ಚೌಕ ಒಂದೇ ಮೂಲೆಯಿಂದ ಜೋತಾಡುತ್ತದೆ. ಇಷ್ಟು ಸರಿಯಾದ ಹೊತ್ತಿಗೆ ದಾರ ಕಿತ್ತುಹೋಗುವುದು ನಾಟಕದಲ್ಲಿ ಮಾತ್ರ. ಹಾಗಾಗಿ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಜನ ನಕ್ಕಿದ್ದನ್ನು ನಂಬುತ್ತೇನೆ.

ಗಜೇಂದ್ರಗಡದ ಒಂದು ಖಾಸಗಿ ಶಾಲೆಯಲ್ಲಿ ನಾನು ಎರಡನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತೇನೆ. ಆ ವರ್ಷದ ಗ್ಯಾದರಿಂಗ್‌ಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಮಕ್ಕಳಿಗೆ ಆಕೃತಿಗಳ ವೇಷ ಹಾಕಿಸಬೇಕೆಂದು ಹೆಡ್‌ಮಾಸ್ತರರಿಗೆ ಹೊಳೆಯಿತು. ಅವರಿಗೆ ಹೊಳೆಯುವುದೆಲ್ಲ ಫೋಟೊ ತೆಗೆಯಲು ಬರುವಂಥದ್ದೇ. ಗೋಡೆಯ ಚಾರ್ಟಿನಲ್ಲಿ ತ್ರಿಭುಜ ಯಾವತ್ತೂ ಮೂಗು ಮೇಲೆತ್ತಿ ನಿಂತಿರುತ್ತದೆ, ಚೌಕ ಯಾವತ್ತೂ ಚಕ್ಕಳಮಕ್ಕಳ ಹಾಕಿ ಕೂತಿರುತ್ತದೆ. ಅದನ್ನು ನೋಡಿ ನೋಡಿ ಮಕ್ಕಳಿಗೆ ಆಕೃತಿ ಅಂದರೆ ಕೂರುವ ಭಂಗಿ ಎಂದಾಗಿಬಿಟ್ಟಿತ್ತು. ರಟ್ಟಿನ ಚೌಕವನ್ನು ತಿರುಗಿಸಿ ತಿರುಗಿಸಿ, ಬಾಹು ಅಳೆಸಿ, ಮೂಲೆಗೆ ಮೂಲೆ ಹಚ್ಚಿಸಿ, ಹೇಗೆ ನಿಂತರೂ ಅದು ಚೌಕವೇ ಎಂದು ಒಪ್ಪಿಸಲು ನನಗೆ ಮಳೆಗಾಲವೆಲ್ಲ ಹಿಡಿಯಿತು. ಮೊದಲು ಒಪ್ಪಿದವಳು ನೇಕಾರರೊಬ್ಬರ ಮಗಳು. ಚೌಕದ ವೇಷ ಅವಳಿಗೇ ಕೊಟ್ಟೆ.

ಮುಖ್ಯ ಅತಿಥಿ ನರಗುಂದದ ಕಾಳಿನ ವ್ಯಾಪಾರಿ, ಎಲ್ಲರ ಬಾಯಲ್ಲೂ ಸಾಹುಕಾರರು. ಶಾಲೆಗೆ ಫ್ಯಾನು ಕೊಡಿಸಿದ್ದರು, ಅದಕ್ಕೇ ಗಣಿತದ ಕಾರ್ಯಕ್ರಮಕ್ಕೆ ಯೋಗ್ಯರೆನಿಸಿದರು. ಮೈಕು ಕೈಗೆ ಬಂದ ಮೇಲೆ ಕೆಳಗಿಡಲಿಲ್ಲ.

ಹುಡುಗಿ ಮುಂದೆ ಬಂದಳು. ಥರ್ಮಾಕೋಲ್ ಓರೆಯಾಗಿ ಜೋತಿತ್ತು. "ಶಂಕರಪೋಳಿ ಬಂತಲೇ!" ಎಂದು ಯಾರೋ ಆ ಓರೆ ಆಕಾರದ ಕರಿದ ತಿಂಡಿಯ ಹೆಸರು ಕೂಗಿದರು. ಅವಳು ನಗಲಿಲ್ಲ.

"ನಾನು ಚೌಕ. ನನ್ನ ನಾಲ್ಕೂ ಬಾಹುಗಳು ಸಮ."

"ಏ ತಂಗಿ, ಇದು ಚೌಕ ಅಲ್ಲವಾ, ವಜ್ರ ಐತಿ ವಜ್ರ!" ಎಂದರು ಸಾಹುಕಾರರು ಮೈಕಿನಲ್ಲಿ. "ಚೌಕ ಅಂದ್ರ ನೆಟ್ಟಗ ಇರತೈತಿ."

"ಚೌಕನ ಐತ್ರಿ ಅಜ್ಜಾರ. ಓರೆ ನಿಂತೈತಿ ಅಷ್ಟ."

ಜನ ಮತ್ತೆ ನಕ್ಕರು. ಸಾಹುಕಾರರ ಮುಖ ಬಿಗಿಯಿತು. ಗಣಿತದಲ್ಲಿ ಪದವಿ ಪಡೆದ ಹೆಡ್‌ಮಾಸ್ತರರು ಓಡಿಬಂದು ಅವಳ ಹೆಗಲು ಹಿಡಿದರು. "ಸಾಹುಕಾರ್ರು ಖರೇ ಹೇಳಾಕತ್ತಾರವಾ. ವಜ್ರ ಅನ್ನು, ಲಗೂ ಅನ್ನು."

"ಚೌಕನ ಐತ್ರೀ ಸರ!" ಎಂದು ನಾನು ವೇದಿಕೆಯ ಪಕ್ಕದಿಂದ ಕೂಗಿದೆ. ಗಟ್ಟಿಯಾಗಿಯೇ ಕೂಗಿದೆ ಅನಿಸುತ್ತದೆ. ಅಷ್ಟರಲ್ಲಿ ಮುಂದಿನ ನೃತ್ಯದ ಹಾಡು ಹಚ್ಚಿಬಿಟ್ಟಿದ್ದರು. ಪಾಲಕರು ಮೊಬೈಲ್ ಎತ್ತಿ ಹಿಡಿದಿದ್ದರು. ಅಷ್ಟು ಕ್ಯಾಮೆರಾಗಳಿದ್ದರೂ ಯಾರೊಬ್ಬರೂ ನಾಲ್ಕು ಬಾಹು ನೋಡಲಿಲ್ಲ.

"ವಜ್ರ ರಿ," ಎಂದಳು ಹುಡುಗಿ.

"ಶಾಣ್ಯಾಕಿ!" ಎಂದು ಸಾಹುಕಾರರು ಅವಳಿಗೆ ಸ್ಟೀಲ್ ಡಬ್ಬಿ ಕೊಟ್ಟರು. ಸುಳ್ಳು ಹೇಳಿಸಿ ಬಹುಮಾನ ಕೊಟ್ಟದ್ದಕ್ಕೆ ಹೆಡ್‌ಮಾಸ್ತರರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಸೋಮವಾರ ಬೋರ್ಡಿನ ಮೇಲೆ ಮೂಲೆಯ ಮೇಲೆ ನಿಂತ ಚೌಕ ಬರೆದು ಅವಳನ್ನು ಕರೆದೆ. ಇಡೀ ಮಳೆಗಾಲ ಕಲಿಸಿದ್ದು ಉಳಿದಿದೆಯೋ ಇಲ್ಲವೋ ನನಗೆ ತಿಳಿಯಬೇಕಿತ್ತು. ಅವಳು ಬೋರ್ಡ್ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಏನಂತ ಹೇಳ್ಬೇಕ್ರಿ ಟೀಚರ?"

"ನಿನಗ ಏನ್ ಕಾಣತೈತಿ, ಅದನ್ನ ಹೇಳವಾ."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ಸಾಹುಕಾರ್ರು ಬಂದಾರೇನ್ರಿ?"

ಮಕ್ಕಳು ನಕ್ಕರು. ಅವಳು ನಕ್ಕಳೋ ಇಲ್ಲವೋ ನೆನಪಿಲ್ಲ. ಗಂಟೆ ಹೊಡೆಯಿತು, ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಅದನ್ನು ಅಂಜಿ ಕೇಳಿದಳೋ, ನಮ್ಮೆಲ್ಲರನ್ನೂ ಅಣಕಿಸಿ ಕೇಳಿದಳೋ ನನಗೆ ಗೊತ್ತಿಲ್ಲ. ಬೋರ್ಡಿನ ಮೇಲಿನದು ಅವಳಿಗೆ ಏನಾಗಿ ಕಂಡಿತೆಂಬುದೂ ಗೊತ್ತಿಲ್ಲ.