ಎರಡು ಸಲ ತಟ್ಟಿದ್ದು

ರಫೀಕ್, ನೀನು ತಟ್ಟಿದ್ದು ನನಗೆ ಗೊತ್ತಾಗಿತ್ತು.

ಆ ಶನಿವಾರ ಬೆಳಿಗ್ಗೆ ಎಲ್ಲ ಎಂದಿನಂತೆಯೇ ಇತ್ತು. ನನ್ನ ಮನೆಯಿರುವ ಜಾರ್ಜ್‌ಟೌನ್‌ನಿಂದ ಹೊರಟು, ನೀನು ಓದುತ್ತಿದ್ದ ಆಸ್ಟಿನ್‌ನಲ್ಲಿ ನಿನ್ನ ರೂಮಿನ ಮುಂದೆ ಕಾರು ನಿಲ್ಲಿಸಿದೆ. ಅರ್ಧ ಬಾಳೆಹಣ್ಣು ಬಾಯಲ್ಲಿಟ್ಟುಕೊಂಡೇ ಹತ್ತಿದೆ ನೀನು.

“ಅಣ್ಣಾರ, ಇವತ್ತರ ನನ್ನ ಒಮ್ಮೆ ಸೋಲಸ್ರಿ. ವೈನಿಗೆ ಫೋಟೋ ಕಳಸ್ತೀನಿ.”

ನನ್ನ ಹೆಂಡತಿಯನ್ನು ನೀನು ವೈನಿ ಎನ್ನುತ್ತಿದ್ದೆ. ನಾನೂ ನಕ್ಕೆ — ಆದರೆ ಎಲ್ಲೋ ಚುಚ್ಚಿತ್ತು.

ಜಿಯು-ಜಿತ್ಸು ಕುಸ್ತಿ ಕಲಿಯಲು ನನ್ನನ್ನು ಎಳೆದುಕೊಂಡು ಹೋದವನೇ ನೀನು. ದಪ್ಪ ಅಂಗಿ, ಬೆಲ್ಟು ಇಲ್ಲದೆ ಆಡುವ ನೋ-ಗಿ. ಹಿಡಿಯಲು ಬಟ್ಟೆಯಿಲ್ಲ, ಬೆವರಿಗೆ ಎಲ್ಲವೂ ಜಾರುತ್ತದೆ. ಮೂರು ತಿಂಗಳಾದರೂ ನನಗೆ ಬಂದದ್ದು ಮೊದಲ ದಿನದ ಪಾಠವೊಂದೇ: ಸಿಕ್ಕಿಬಿದ್ದವನು ಎದುರಿನವನ ಮೈಮೇಲೆ ತಟ್ಟಬೇಕು, ತಟ್ಟಿದ ಕೂಡಲೇ ಅವನು ಬಿಡಬೇಕು. ನಲವತ್ತೆರಡರ ನಾನು ಪ್ರತಿ ಸಲ ತಟ್ಟಿದೆ. ಇಪ್ಪತ್ನಾಲ್ಕರ ನೀನು ಪ್ರತಿ ಸಲ ಬಿಟ್ಟೆ.

ಅಂದು ಹೇಗೋ ನಿನ್ನ ತೋಳು ಸಿಕ್ಕಿತು. ನೀನು ನನ್ನ ತೊಡೆಯ ಮೇಲೆ ತಟ್ಟಿದೆ — ಎರಡು ಸಲ, ಸ್ಪಷ್ಟವಾಗಿ. ನಾನು ಬಿಡಲಿಲ್ಲ. ಇನ್ನಷ್ಟು ಎಳೆದೆ. ಗೆದ್ದದ್ದನ್ನು ಎಲ್ಲರೂ ನೋಡಲಿ ಎಂದು... ಮೊಣಕೈ ಲಟಕ್ಕೆಂದಿತು.

ಕೋಚ್ ಓಡಿಬಂದ. ತಟ್ಟುವಾಗ ಬೆವರಿಗೆ ಕೈ ಜಾರಿತು, ಅವರಿಗೆ ತಿಳಿಯಲಿಲ್ಲ ಎಂದು ನೀನೇ ಅವನಿಗೆ ಹೇಳಿ, ನನ್ನತ್ತ ತಿರುಗಿದೆ.

“ಹೌದಲ್ರಿ, ಅಣ್ಣಾರ? ಗೊತ್ತಾಗ್ಲಿಲ್ಲಲ್ಲ?”

“ಇಲ್ಲಪಾ, ಗೊತ್ತಾಗ್ಲಿಲ್ಲ.”

ನೀನು ನಂಬಿದ್ದೆಯೋ, ನನ್ನ ಮಾನ ಉಳಿಸಿದೆಯೋ —

ವರ್ಷವಿಡೀ ತಯಾರಿ ಮಾಡಿದ್ದ ಹ್ಯೂಸ್ಟನ್ ಪಂದ್ಯ ತಪ್ಪಿತು. ಆಮೇಲೆ ನೀನು ಆಡಲೇ ಇಲ್ಲ. ಓದು ಮುಗಿಸಿ ಡಲ್ಲಾಸ್‌ಗೆ ಶಿಫ್ಟ್ ಆದೆ. ಎದುರಿಗೆ ಕೂತು ಹೇಳಬೇಕು, ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಳ್ಳುತ್ತ, ಮೂರು ತಾಸಿನ ದಾರಿಯನ್ನು ಎರಡು ವರ್ಷ ಮುಂದೂಡಿದೆ. ಕೊನೆಗೆ ಹೋದದ್ದು, ಹೆದ್ದಾರಿಯ ಅಪಘಾತದಲ್ಲಿ ತೀರಿಹೋದ ನಿನಗೆ ಮಣ್ಣು ಕೊಡಲು.

ವಿಜಯಪುರದಿಂದ ನಿಮ್ಮ ಅವ್ವ ವಿಡಿಯೋದಲ್ಲಿ ಅತ್ತರು. “ತಮ್ಮನಂಗ ನೋಡ್ಕೊಂಡ್ರಿ ಅಂತ ಭಾಳ ಹೇಳ್ತಿದ್ದನ್ರಿ.” ಆಗಲೂ ನಾನು ಹೌದೆಂದು ತಲೆಯಾಡಿಸಿದೆ.

ಈಗಲೂ ಶನಿವಾರ ಆಡಲು ಹೋಗುತ್ತೇನೆ. ಯಾರ ತೋಳು ಸಿಕ್ಕರೂ ಅವರು ತಟ್ಟುವ ಮೊದಲೇ ಬಿಟ್ಟುಬಿಡುತ್ತೇನೆ, ಕೋಚ್ ಬೈಯುತ್ತಾನೆ. ಇದನ್ನು ಪ್ರಾಯಶ್ಚಿತ್ತ ಎನ್ನಲು ನಾಚಿಕೆಯಾಗುತ್ತದೆ.

ನೀನು ನೇರವಾಗಿಯೇ ಕೇಳಿದ್ದೆ. ನಿಜವಾದ ಉತ್ತರ ನಿನಗೆ ಸಿಗಲೇ ಇಲ್ಲ.