ಖಾಲಿ ಪಟ್ಟಿಗೆ ಬಿದ್ದ ಗೊಬ್ಬರ

ನನ್ನ ಕಸುಬು ಬೇರು ನೋಡುವುದು. ಹೀಗೆಂದರೆ ಜನ ನನ್ನನ್ನು ನಾಟಿ ವೈದ್ಯೆ ಅಂದುಕೊಳ್ಳುತ್ತಾರೆ. ಅಲ್ಲ, ವಿಜ್ಞಾನಿ ಎಂದು ಬಿಡಿಸಿ ಹೇಳಿದ ಮೇಲೂ ಗ್ಯಾಸ್ಟ್ರಿಕ್‌ಗೆ ಯಾವ ಬೇರು ಒಳ್ಳೆಯದು ಎಂದು ಕೇಳುತ್ತಾರೆ. ವರ್ತೂರಿನಲ್ಲಿ ಅಪಾರ್ಟ್‌ಮೆಂಟುಗಳ ಹಿಂಬದಿಗೆ ಹೇಗೋ ಉಳಿದುಕೊಂಡಿದ್ದ ಒಂದು ಹೊಲವನ್ನು ನಮ್ಮ ಸಂಸ್ಥೆ ಗುತ್ತಿಗೆಗೆ ಹಿಡಿದು ನನ್ನ ಕೈಗೆ ಕೊಟ್ಟಿತ್ತು. ಅದರಲ್ಲಿ ಆಳೆತ್ತರದ ಹುಲ್ಲು ಬೆಳೆಸಿದ್ದೆ. ಮೇಲಿನ ಹುಲ್ಲು ಒಣಗಿ ಕಾರ್ಖಾನೆಯ ಬಾಯ್ಲರಿಗೆ ಉರುವಲಾಗಬೇಕು. ಕೆಳಗಿನ ಬೇರು ಮಣ್ಣಿನೊಳಗೆ ಎಷ್ಟು ಇಂಗಾಲ ಹೂಳಿದೆ ಎಂದು ನಾನು ಅಳೆಯಬೇಕು. ಅಳೆಯಲು ಹೋಲಿಕೆ ಬೇಕಲ್ಲ? ಅದಕ್ಕೇ ಪಕ್ಕದ ಒಂದು ಪಟ್ಟಿಯನ್ನು ಏನೂ ಬೆಳೆಯದೆ, ಏನೂ ಹಾಕದೆ, ಹುಟ್ಟಿದ ಕಳೆಯನ್ನೂ ಕೀಳಿಸಿ ಖಾಲಿ ಬಿಟ್ಟಿದ್ದೆ.

ಹೊಲದ ಒಡತಿಗೆ ಆ ಪಟ್ಟಿ ಕಂಡರೆ ಆಗುತ್ತಿರಲಿಲ್ಲ.

"ಯಾಕ್ ಮೇಡಂ ಇಂಗೆ ಬೋಳ್ ಬಿಟ್ಟಿದೀರ? ನೋಡ್ದೋರು ಏನಂತಾರೆ? ಒಂದ್ ಹಿಡಿ ಕೊತ್ತಂಬ್ರಿ ಬೀಜನಾರ ಚೆಲ್ಲಿ."

"ಖಾಲಿ ಇರೋದೇ ಪ್ರಯೋಗ ಅಮ್ಮ."

"ಖಾಲಿ ಬಿಡಕ್ಕೆ ಅಷ್ಟೊಂದ್ ಓದ್ಬೇಕಿತ್ತಾ?"

ಈ ಪ್ರಶ್ನೆಯನ್ನು ನಮ್ಮಪ್ಪನೂ ಕೇಳಿದ್ದರು, ಹಾಗಾಗಿ ಬೇಜಾರಾಗಲಿಲ್ಲ.

ಒಡತಿಯ ಮಗನಿಗೆ ಹುಲ್ಲಿನ ಮೇಲೂ ಆಸೆ ಇರಲಿಲ್ಲ, ಖಾಲಿ ಪಟ್ಟಿಯ ಮೇಲೂ ದ್ವೇಷ ಇರಲಿಲ್ಲ. ಅಲ್ಲಿ ಸಾಲಾಗಿ ರೂಮು ಕಟ್ಟಿಸಿ, ರಾಯಚೂರು, ಕಲಬುರಗಿ ಕಡೆಯಿಂದ ಬರುವ ಕಟ್ಟಡದ ಕೆಲಸದವರಿಗೆ ಬಾಡಿಗೆಗೆ ಕೊಡಬೇಕೆಂದು ಕಾಯುತ್ತಿದ್ದ. ಅವನು ಆ ಮಾತು ತೆಗೆದಾಗಲೆಲ್ಲ ತಾಯಿ, "ಮೇಡಂ ಪ್ರಯೋಗ ಮುಗೀಲಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆಸ್ತಿ ಅವರದೇ, ಆದರೆ ಮಗನಿಗೆ ಎದುರಾಡಲು ಅವರ ಹತ್ತಿರ ಇದ್ದದ್ದು ನನ್ನ ಹುಲ್ಲೊಂದೇ.

ಪ್ರಯೋಗವನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸಮಿತಿ ಬರುವುದಿತ್ತು. ಅವರೆದುರೇ ಎರಡೂ ಕಡೆಯ ಮಣ್ಣು ತೆಗೆದು ಈ ಹಂತದ ಕೊನೆಯ ಅಳತೆ ಮಾಡಬೇಕು ಎಂದು ಒಡತಿಗೆ ಹೇಳಿದೆ.

"ಅಂದ್ರೆ ನಿಮಗೆ ಪರೀಕ್ಷೆನಾ? ಪಾಸಾದ್ರೆ ಭೂಮಿ ಇಂಗೇ ಇರ್ತದಾ?"

"ಇರುತ್ತಮ್ಮ."

"ಫೇಲಾದ್ರೆ?"

"ನಿಮ್ಮ ಮಗ ಇದಾನಲ್ಲ, ರೂಮು ಕಟ್ಟಿಸ್ತಾನೆ" ಎಂದು ನಕ್ಕೆ. ಅವರು ನಗಲಿಲ್ಲ.

ಸಮಿತಿಗೆ ವರದಿ ತಯಾರಿಸಲು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಚೇರಿಯಲ್ಲಿ ಕೂತೆ. ವಿಜ್ಞಾನದಲ್ಲಿ ಹೊಲಕ್ಕೆ ಹೋಗುವುದಕ್ಕಿಂತ ಹೊಲದ ಬಗ್ಗೆ ಬರೆಯುವುದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. ಬರೆದು ಮುಗಿಸಿ ಸಮಿತಿಯವರ ಕಾರಿನಲ್ಲೇ ವರ್ತೂರಿಗೆ ಬಂದಿಳಿದರೆ, ನನ್ನ ಖಾಲಿ ಪಟ್ಟಿ ಇರಲಿಲ್ಲ. ಅಲ್ಲಿ ಕಪ್ಪಗೆ, ಹದವಾಗಿ, ತಿಪ್ಪೆಗೊಬ್ಬರ ಬೆರೆಸಿ ಉತ್ತ ನೆಲ ಇತ್ತು. ಅಂಚಿನಲ್ಲಿ ರಂಗೋಲಿ ಬೇರೆ. ಇಂಗಾಲ ಅಳೆಯುವ ಪ್ರಯೋಗಕ್ಕೆ ಗೊಬ್ಬರ ಎಂದರೆ ಇಂಗಾಲವನ್ನೇ ಮಂಕರಿಯಲ್ಲಿ ತಂದು ಸುರಿದ ಹಾಗೆ.

ಅಧ್ಯಕ್ಷರು ಒಂದು ಹಿಡಿ ಮಣ್ಣೆತ್ತಿ ಮೂಸಿದರು. "ಇದಕ್ಕೆ ಏನೂ ಹಾಕಿಲ್ಲ ಅಂತ ಬರ್ದಿದೀರಲ್ರೀ?"

ಅಷ್ಟರಲ್ಲಿ ಒಡತಿ ಹೊಸ ಸೀರೆಯಲ್ಲಿ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನೀವ್ ಇಲ್ದಿದ್ದಾಗ ಮಾಡಿಸ್ದೆ ಮೇಡಂ. ತಿಪ್ಪೆ ಪೂರ್ತಿ ಖಾಲಿ ಮಾಡ್ಬಿಟ್ಟೆ. ಇನ್ ಯಾರೂ ಬೋಳು ಅನ್ನಂಗಿಲ್ಲ. ಪಾಸಾಗ್ತೀರ ಬಿಡಿ."

ಸಿಟ್ಟು ನೆತ್ತಿಗೇರಿತು. ವರ್ಷಗಟ್ಟಲೆ ಕಾದ ಕೆಲಸ ಒಂದು ತಿಪ್ಪೆಯ ಪಾಲಾಗಿತ್ತು. ಕೂಗಾಡಲು ಬಾಯಿ ತೆರೆದವಳಿಗೆ ಅವರ ಮುಖ ಕಂಡಿತು. ಆ ಮುಖಕ್ಕೆ ಬೈಯಲು ನನ್ನಿಂದ ಆಗಲಿಲ್ಲ. ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು, ಗೊಬ್ಬರ ಬಿದ್ದಿದೆ ಸಾರ್, ಇನ್ನು ಹೋಲಿಕೆಗೆ ಅರ್ಥವಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎಳನೀರು ಕುಡಿದು, ಪಾಪ ಎಂದು, ಹೊರಟರು. ಪ್ರಯೋಗ ನಿಲ್ಲಿಸಿ ಎಂಬ ಆದೇಶ ಬರಲು ತಡವಾಗಲಿಲ್ಲ. ಒಳ್ಳೆಯ ಸುದ್ದಿಗೆ ಮಾತ್ರ ನಮ್ಮಲ್ಲಿ ಕಡತ ನಿಧಾನ.

ಹೇಳಲೇಬೇಕಿತ್ತು, ಹೋದೆ. ಒಡತಿ ಹಸುವಿಗೆ ನೀರಿಡುತ್ತಿದ್ದರು. ಹೊಲದಲ್ಲಿ ಮಗ ಯಾರೋ ಮೇಸ್ತ್ರಿಯ ಜೊತೆ ನಿಂತು ಹುಲ್ಲಿನ ಕಡೆ ಕೈ ತೋರಿಸುತ್ತಿದ್ದ.

"ಫೇಲಾದೆ ಅಮ್ಮ" ಎಂದೆ.

ಅವರು ಬಕೆಟ್ಟು ಕೆಳಗಿಟ್ಟರು. ಮಗನ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ಗೊಬ್ಬರ ಸಾಲ್ದೇ ಓಯ್ತಾ ಮೇಡಂ?"